ಎರಡು ಚುಕ್ಕಿ, ಒಂದು ಓರೆಗೆರೆ

೩ ಜೂನ್, ಸೋಮವಾರ

ಮತ್ತೆ ಟೆಸ್ಟಿಂಗ್. ಭಾವನ ಕಂಪನಿ, ಭಾವನ ಸಾಫ್ಟ್‌ವೇರ್, ವಾಸವೂ ಅವರ ಮನೆಯ ಮಹಡಿಯಲ್ಲೇ — ಬಾಯಿ ಬಿಡುವ ಹಾಗಿಲ್ಲ. ಆಸ್ಪತ್ರೆಯವರು ಪ್ರಯೋಗಕ್ಕೆ ಇಟ್ಟುಕೊಂಡಿರುವ ಲ್ಯಾಬ್ ರಿಪೋರ್ಟ್ ಡೌನ್‌ಲೋಡ್ ಪುಟ. ಫೈಲಿನ ಹೆಸರಿರುವ ಜಾಗದಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ ಹಾಕಿದೆ. ಅಂದರೆ, ಒಂದು ಫೋಲ್ಡರ್ ಮೇಲೆ ಹೋಗು ಅಂತ. ಸರ್ವರ್ ಹಾಗೇ ಮೇಲೆ ಹೋಯಿತು. ತಡೆಯಲೇ ಇಲ್ಲ. ಇನ್ನೊಮ್ಮೆ ಹಾಕಿದೆ... ಪಾಸ್‌ವರ್ಡ್ ಫೈಲ್ ಕಣ್ಣೆದುರು. ಲಾಗಿನ್ ಕೂಡ ಕೇಳಲಿಲ್ಲ.

೪ ಜೂನ್

ಭಾವನಿಗೆ ತೋರಿಸಿದೆ. ಪರದೆಯತ್ತ ತಿರುಗಲೂ ಇಲ್ಲ.

"ಯಾವನು ಬಂದು ಚುಕ್ಕಿ ಇಡ್ತಾ ಕೂರ್ತಾನೆ? ಶುಕ್ರವಾರ ಎಲ್ಲಾ ರೋಗಿಗಳಿಗೂ ತೆರೀಬೇಕು. ಅಡ್ಡಗಾಲು ಹಾಕ್ಬೇಡ."

"ಇಂಟರ್ನೆಟ್ಟಲ್ಲಿ ಇಡ್ತಿದ್ದೀರಿ ಭಾವ. ಯಾರು ಬೇಕಾದ್ರೂ ನುಗ್ಗಬಹುದು."

"ನಿನ್ನನ್ನ ಕೆಲಸಕ್ಕೆ ಇಟ್ಕೊಂಡಿದ್ದು ನಿಮ್ಮಕ್ಕನ ಮುಖ ನೋಡಿ. ನೆನಪಿರ್ಲಿ."

ಅಕ್ಕನ ಮುಖವನ್ನೇ ನೋಡಿಕೊಂಡಿರಲಿ. ದರಿದ್ರ ಮನುಷ್ಯ.

೨೧ ಜೂನ್

ಆಗಿಹೋಯಿತು. ಯಾರೋ ನುಗ್ಗಿ ರಿಪೋರ್ಟುಗಳನ್ನೆಲ್ಲ ಹರಿಬಿಟ್ಟಿದ್ದಾರೆ. ಬ್ಯೂಟಿ ಪಾರ್ಲರಿನ ಹುಡುಗಿಯೊಬ್ಬಳ ರಕ್ತಪರೀಕ್ಷೆ ಅವಳ ಓನರ್ ಫೋನಿಗೆ ಹೋಯಿತಂತೆ. ಕೆಲಸ ಹೋಯಿತು ಅವಳದು.

ಆಸ್ಪತ್ರೆಯ ಮುಖ್ಯ ಡಾಕ್ಟರಮ್ಮನ ಕೋಣೆಯಲ್ಲಿ ಭಾವ ನನ್ನತ್ತ ಬೆರಳು ಮಾಡಿದರು. "ಲಾಗ್ ನೋಡಿ ಮೇಡಂ, ಯಾರ್ಯಾರು ಒಳಗೆ ಬಂದ್ರು ಅಂತ ಅದರಲ್ಲಿದೆ. ಮೊದಲು ಹೀಗೆ ಒಳಗೆ ಹೋದವಳು ಇವಳೇ. ತೂತು ಮುಚ್ಚಿದ್ದೀನಿ, ಇನ್ನು ಭಯವಿಲ್ಲ." ಎಷ್ಟು ತಣ್ಣಗೆ... ಟೀ ಹೀರುತ್ತ.

ಮೈಯೆಲ್ಲ ಉರಿ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಅದೇ ಚುಕ್ಕಿ, ಓರೆಗೆರೆ ಹಾಕಿದೆ. ಡಾಕ್ಟರಮ್ಮನ ಸ್ವಂತ ಪಾಸ್‌ವರ್ಡ್ ಪರದೆಗೆ ಬಂತು.

"ಈ ಪುಟಾನ ಈಗಲೇ ನಿಲ್ಲಿಸಿ," ಅಂದರು ಡಾಕ್ಟರಮ್ಮ ನನಗೆ. ಭಾವನಿಗೆ, "ನೀವು ಹೊರಗೆ ಕೂತಿರಿ."

ಹಿತವಾಯಿತು. ಸುಳ್ಳೇಕೆ ಬರೆಯಲಿ.

೨೨ ಜೂನ್, ಬೆಳಿಗ್ಗೆ

ಅಕ್ಕ ಮಹಡಿಗೆ ಬಂದಳು. ಕಣ್ಣು ಕೆಂಪು.

"ಒಬ್ರೇ ಇದ್ದಾಗ ಅವರಿಗೆ ಹೇಳ್ಬಾರದಿತ್ತಾ?"

"ಹೇಳಿದ್ದೆ. ತೂತು ಸಿಕ್ಕಿದ ಮಾರನೇ ದಿನಾನೇ ಹೇಳಿದ್ದೆ."

"ಹೇಳೇ ಇಲ್ಲ ಅಂತಾರೆ."

ಸೂಟ್‌ಕೇಸ್ ಎಳೆದು ನನ್ನ ಬಟ್ಟೆ ಮಡಚಿಡತೊಡಗಿದಳು. ಸರಿ, ಹೊರಗೆ ಹಾಕುತ್ತಿದ್ದಾಳೆ... ಗಂಡನೇ ಹೆಚ್ಚು. ಕೈ ಕಟ್ಟಿ ನಿಂತೆ. ಕೆಳಗೆ ಹೋಗಿ ಬಂದಳು. ಕೈತುಂಬ ಅವಳದೇ ಬಟ್ಟೆ. ಅದನ್ನೂ ಅದರಲ್ಲೇ ತುರುಕಿದಳು.

"ಹಾಗೆ ಹೇಳ್ವಾಗ ಅವರು ನನ್ನ ಮುಖ ನೋಡ್ಲಿಲ್ಲ ಕಣೇ," ಅಂದಳು. "ಟ್ಯಾಕ್ಸಿ ಕರಿ."

ಕರೆದಿದ್ದೇನೆ. ಬರುವ ತನಕ ಈ ಬರವಣಿಗೆ. ಮೆಟ್ಟಿಲ ಮೇಲೆ ಭಾವನ ಹೆಜ್ಜೆ. ಅಕ್ಕ ಎದ್ದು ಚಿಲಕ ಹಾಕಿದಳು. ಬಾಗಿಲು ಬಡಿಯುತ್ತಿದ್ದಾರೆ, ನನ್ನ ಹೆಸರು ಹಿಡಿದು ಬೈಯುತ್ತಿದ್ದಾರೆ. ಅಕ್ಕ ಒಳಗಿನಿಂದಲೇ, "ಒಂದೇ ಮಾತು ಕೇಳ್ತೀನಿ. ನಿಜ ಹೇಳಿ. ಇವಳು ನಿಮಗೆ ಮೊದಲೇ ಹೇಳಿದ್ಲಾ, ಇಲ್ವಾ?"