ಎಸ್ ಇದ್ದಲ್ಲಿ ಎನ್

ಜೂಲಿಯನ್,

ಇವತ್ತು ಮಗಳು ಹರ್ಷಿತಾಳ ಜೊತೆ ಲಿಮೂರು ಚಹಾ ತೋಟಕ್ಕೆ ಹೋಗಿದ್ದೆ. ಜುಲೈ ಚಳಿ ನಿನಗೆ ಗೊತ್ತಲ್ಲ, ಹತ್ತು ಗಂಟೆಯಾದರೂ ಮಂಜು ಕರಗಿರಲಿಲ್ಲ. ಸ್ಥಳದ ಅಂಕಿ ಹಿಡಿದು ಹುಡುಕುವ ಜಿಪಿಎಸ್ ಆಟಕ್ಕೆಂದು ನೀನು ಅಲ್ಲಿ ಬಚ್ಚಿಟ್ಟ ಡಬ್ಬಿಯನ್ನು ಹುಡುಕಲೇಬೇಕೆಂದು ಅವಳ ಹಟ. ನೀನು ತೀರಿಕೊಳ್ಳುವ ಹಿಂದಿನ ವರ್ಷ ಬರೆದುಕೊಟ್ಟ ಚೀಟಿ ನೋಡಿ ಜಿಪಿಎಸ್‌ನಲ್ಲಿ ಅಂಕಿ ಒತ್ತುತ್ತಿದ್ದೆ. ಅವಳು ಇಣುಕಿದಳು.

"ಪಪ್ಪಾ, ಇಟ್ಸ್ ಎಸ್. ವೈ ಆರ್ ಯೂ ಪುಟಿಂಗ್ ಎನ್?"

ನಾವಿರುವುದು ಭೂಮಧ್ಯರೇಖೆಯ ದಕ್ಷಿಣಕ್ಕೆ ಎಂಬುದನ್ನು ಮರೆತು, ಮೈಸೂರಿನ ಅಭ್ಯಾಸದ ಬೆರಳು ಉತ್ತರದ ಎನ್ ಅನ್ನೇ ಒತ್ತಿತ್ತು. ನೀನು ಈ ಚೀಟಿ ಕೊಟ್ಟು ಡಬ್ಬಿ ಹುಡುಕಲು ಕರೆದಿದ್ದ ಆ ಭಾನುವಾರವೂ ಅದನ್ನೇ ಒತ್ತಿರಬೇಕು. ಅವತ್ತು ಜಿಪಿಎಸ್, ಡಬ್ಬಿ ಇನ್ನೂರ ನಲವತ್ತು ಕಿಲೋಮೀಟರ್ ದೂರವಿದೆ ಎಂದು ತೋರಿಸಿತು. ನೀನು ಬೇಕೆಂದೇ ಸತಾಯಿಸುತ್ತಿದ್ದೀಯ ಎಂದುಕೊಂಡು, ಫೋನ್ ಆಫ್ ಮಾಡಿ ಮನೆಗೆ ಬಂದುಬಿಟ್ಟೆ. ಸಂಜೆ ನೀನು ಸೌತ್ ಬಿ ಬಡಾವಣೆಯ ನಮ್ಮ ಮನೆ ಬಾಗಿಲಿಗೆ ಬಂದಾಗ, "ನನ್ನನ್ನ ಮಂಗ ಮಾಡಿದ್ದು ಸಾಕು" ಎಂದು ಬಾಗಿಲು ಹಾಕಿದೆ. ನಿನ್ನ ಪ್ಯಾಂಟು ಮೊಣಕಾಲವರೆಗೆ ಕೆಸರಾಗಿತ್ತು.

ಇವತ್ತು ಜಿಪಿಎಸ್ ಹಿಡಿದು ಮುಂದೆ ಓಡಿದ ಹರ್ಷಿತಾಳ ಕೆಂಪು ಟೊಪ್ಪಿ ಮಂಜಿನಲ್ಲಿ ಮರೆಯಾಯಿತು. ಎಷ್ಟು ಕೂಗಿದರೂ ಓಗೊಡಲಿಲ್ಲ. ಗಿಡಗಳ ನಡುವೆ ಎಡವುತ್ತಾ ಓಡಿದೆ. ಕೊನೆಗೆ ಸಿಕ್ಕಳು. ಮರದ ಬುಡದಲ್ಲಿ ಡಬ್ಬಿ ತೆರೆದು ಕೂತಿದ್ದಳು. ನಾನೂ ಪಕ್ಕದಲ್ಲಿ ಕುಕ್ಕರಿಸಿದೆ.

ಒಳಗೆ, ಡಬ್ಬಿ ಸಿಕ್ಕವರು ಹೆಸರು ಬರೆಯುವ ಪುಸ್ತಕದಲ್ಲಿ ನಿನ್ನ ಅಕ್ಷರ. "ಹತ್ತು ಗಂಟೆ. ಭಾರ್ಗವ ಈಗ ಬರ್ತಾನೆ." ಅದರ ಕೆಳಗೆ, "ಎರಡು ಗಂಟೆ. ಫೋನ್ ಹೋಗುವುದಿಲ್ಲ. ಮಂಜಿನಲ್ಲಿ ದಾರಿ ತಪ್ಪಿದನೋ ಏನೋ. ಹುಡುಕಿಕೊಂಡು ಹೋಗ್ತೇನೆ."

ಅದರ ಕೆಳಗೆ ನಾನು ಹೆಸರು, ತಾರೀಖು ಬರೆದೆ.

"ಪಪ್ಪಾ, ರಾಂಗ್ ಡೇಟ್" ಎಂದಳು ಹರ್ಷಿತಾ.

ನಾನು ಆ ಭಾನುವಾರದ ತಾರೀಖು ಬರೆದಿದ್ದೆ. ತಿದ್ದಲಿಲ್ಲ.

ಭಾರ್ಗವ