ಹದಿನಾರು ವರ್ಷ ಮುಚ್ಚಿಟ್ಟ ಎಕ್ಸ್‌ರೇ

ವೆಸ್ಟ್ ಮಾಂಬಲಂ, ಚೆನ್ನೈ
೧೩ ನವೆಂಬರ್ ೨೦೨೫

ಪ್ರೀತಿಯ ಮಗಳು ಹರ್ಷಿಣಿಗೆ,

ಹೇಗಿದ್ದೀ ಮಗಾ? ವೀಕ್ಷಾಳ ಜ್ವರ ಬಿಟ್ಟಿತೇ? ಅಳಿಯಂದಿರ ಸೊಂಟನೋವು ಹೇಗಿದೆ? ಕಾರ್ಕಳದಲ್ಲಿ ಮಳೆ ಮುಗಿದು ಬಿಸಿಲು ಕಾಣುತ್ತಿರಬೇಕು, ಇಲ್ಲಿ ಈಗಷ್ಟೇ ಶುರು. ಫೋನಿದ್ದೂ ಅಪ್ಪ ಕಾಗದ ಬರೆಯುತ್ತಾರಲ್ಲ ಎಂದು ನಗಬೇಡ. ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ನನಗೆ ಉಸಿರು ಸಾಲುವುದಿಲ್ಲ, ನಿನಗೆ ಗಾಬರಿಯಾಗುತ್ತದೆ, ನಿನ್ನ ಗಾಬರಿಗೆ ಹೆದರಿ ನಾನು ಸುಳ್ಳು ಹೇಳುತ್ತೇನೆ. ಕಾಗದದಲ್ಲಿ ಆ ತೊಂದರೆ ಇಲ್ಲ. ತಮಿಳು ಶಾಲೆಗೆ ಹೋಗುತ್ತಿದ್ದ ನಿನ್ನನ್ನು ಭಾನುವಾರ ಹಿಡಿದು ಕೂರಿಸಿ ಕನ್ನಡ ತಿದ್ದಿಸಿದ್ದಕ್ಕೆ ಎಷ್ಟು ಅತ್ತಿದ್ದೀ! ಈಗ ನಿಧಾನವಾಗಿ ಓದು.

ಆಸ್ತಮಾ ಎಂದು ಹೇಳಿದ್ದೆನಲ್ಲ, ಅದು ಆಸ್ತಮಾ ಅಲ್ಲ. ಮಾರ್ಚಿನಲ್ಲಿ ಮಾಂಬಲಂ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಎರಡು ಸಲ ಮೆಟ್ಟಿಲ ಮೇಲೇ ಕುಳಿತೆ. ಶ್ವಾಸಕೋಶದ ಡಾಕ್ಟರಮ್ಮ ಸ್ಕ್ಯಾನ್ ನೋಡಿದವರೇ, ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದರು. ತಿರುವೊಟ್ಟಿಯೂರಿನ ಸಿಮೆಂಟ್ ಶೀಟ್ ಫ್ಯಾಕ್ಟರಿಯಲ್ಲಿ ಮೂವತ್ತಮೂರು ವರ್ಷ, ಅದರಲ್ಲಿ ಹದಿನೆಂಟು ವರ್ಷ ಆಸ್ಬೆಸ್ಟಾಸ್ ಚೀಲ ಕೊಯ್ದು ಮಿಕ್ಸರಿಗೆ ಸುರಿಯುತ್ತಿದ್ದೆ ಎಂದೆ. ಹಾಗಾದರೆ ಇದು ಆಸ್ಬೆಸ್ಟೋಸಿಸ್ ಎಂದರು. ಆ ದೂಳಿನ ಎಳೆ ಎದೆಯೊಳಗೆ ಹೋದರೆ ಕರಗುವುದಿಲ್ಲವಂತೆ, ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಶ್ವಾಸಕೋಶ ಗಟ್ಟಿಯಾಗುತ್ತಾ ಬರುತ್ತದಂತೆ. ವಾಸಿಮಾಡುವ ಮದ್ದಿಲ್ಲ, ಆದರೆ ಉಸಿರಿನ ವ್ಯಾಯಾಮ ಮಾಡಿಕೊಂಡು, ನೆಗಡಿ ಜ್ವರ ಬಾರದಂತೆ ಜಾಗ್ರತೆಯಾಗಿದ್ದರೆ ತುಂಬ ದಿನ ಇರಬಹುದು ಎಂದರು. ತಾವು ಕುಡಿದ ಹೋಟೆಲಿನ ಒಲೆಯ ಹೊಗೆ ಮಗನಿಗೆ ಬೇಡವೆಂದು ನಿನ್ನ ಅಜ್ಜ ನನ್ನನ್ನು ಫ್ಯಾಕ್ಟರಿಗೆ ಸೇರಿಸಿದ್ದರು. ಅದು ನೆನಪಾಗಿ ಬಸ್ಸಿನಲ್ಲಿ ಒಬ್ಬನೇ ನಕ್ಕೆ.

ಕೆಳಗಿನ ಮನೆಯ ಪಂಢರಿನಾಥ ರಾಯರ ಮಗ ಸತ್ಯಾತ್ಮ ನಿನಗೆ ಗೊತ್ತಲ್ಲ, ಈಗ ಕಾರ್ಮಿಕ ಕಾನೂನಿನ ವಕೀಲ. ಅವನು ರಿಪೋರ್ಟು ಓದಿ, ಇದು ಕೆಲಸದಿಂದ ಬಂದ ಕಾಯಿಲೆ, ಇ.ಎಸ್.ಐ. ಕಾನೂನಿನ ಪಟ್ಟಿಯಲ್ಲೇ ಇದೆ, ನಿವೃತ್ತಿಯಾದವರೂ ಕೇಳಬಹುದು ಎಂದ. ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು ಕೆಲಸ ಬಿಟ್ಟು ಹದಿನೈದು ವರ್ಷದವರೆಗಾದರೂ ಕಂಪೆನಿ ಇಟ್ಟಿರಲೇಬೇಕು ಎಂದು ಸುಪ್ರೀಂ ಕೋರ್ಟೇ ಹೇಳಿದೆಯಂತೆ. ನನಗೆ ಮನಸ್ಸು ಬರಲಿಲ್ಲ. ಅನ್ನ ಕೊಟ್ಟವರ ಮೇಲೆ ಅರ್ಜಿ ಬರೆಯುವುದು ಹೇಗೆ ಎಂದು ಒಂದು ವಾರ ಸುಮ್ಮನಿದ್ದೆ. ಕೊನೆಗೆ ನಿನ್ನ ಅಮ್ಮ ದೋಸೆ ಮಗುಚುತ್ತಾ, "ಅನ್ನ ಹಾಕಿದ್ದು ಕಂಪೆನಿಯಾ ಮಾರಾಯ್ರೆ? ನಿಮ್ಮ ರಟ್ಟೆ ಅಲ್ವಾ?" ಎಂದಳು. ಆ ದೋಸೆ ತಿಂದವನೇ ಸಹಿ ಹಾಕಿದೆ.

ಫ್ಯಾಕ್ಟರಿಗೆ ಮೂರು ಸಲ ಹೋದೆವು. ಎರಡು ಸಲ ಆಫೀಸಿನವನು, "ಪಳೆಯ ರೆಕಾರ್ಡ್ ಎಲ್ಲಾಂ ವೆಳ್ಳತ್ತುಲ ಪೋಯಿಡ್ಚು ಸಾರ್" ಎಂದ. ಹಳೆಯ ದಾಖಲೆಯೆಲ್ಲ ಪ್ರವಾಹದಲ್ಲಿ ಹೋಯಿತಂತೆ, ಅದೂ ಮೂರನೇ ಮಹಡಿಯಿಂದ! ಫ್ಯಾಕ್ಟರಿ ಇನ್‌ಸ್ಪೆಕ್ಟರರಿಗೆ ಸತ್ಯಾತ್ಮ ದೂರು ಕೊಟ್ಟ ಮೇಲೆ ಕಡತ ತಾನಾಗಿ ಸಿಕ್ಕಿತು. ಅದರಲ್ಲಿ ೨೦೦೯ರ ಎಕ್ಸ್‌ರೇ ಇತ್ತು. ಕೆಳಗೆ ಕಂಪೆನಿಯ ಡಾಕ್ಟರರ ಕೈಬರಹ: ಎರಡೂ ಶ್ವಾಸಕೋಶದಲ್ಲಿ ಗುರುತುಗಳಿವೆ, ಇವರನ್ನು ದೂಳಿನ ಕೆಲಸದಿಂದ ಬಿಡಿಸಬೇಕು. ಆ ವರ್ಷ ನನಗೆ ಹೇಳಿದ್ದು 'ಫಿಟ್' ಎಂಬ ಒಂದೇ ಮಾತು. ಆಮೇಲೂ ಆರು ವರ್ಷ ಅದೇ ಮಿಕ್ಸರಿನ ಮುಂದೆ ನಿಂತೆ, ಬಟ್ಟೆಯ ಮಾಸ್ಕ್ ಕಟ್ಟಿಕೊಂಡು. ಹರ್ಷಿಣಿ, ಕಾಯಿಲೆಯ ಹೆಸರು ಕೇಳಿದಾಗ ಬಾರದ ಕಣ್ಣೀರು ಆ ಅಕ್ಷರ ನೋಡಿದಾಗ ಬಂತು. ಸತ್ಯಾತ್ಮ ಕಿಟಕಿಯ ಕಡೆ ತಿರುಗಿ ನಿಂತುಕೊಂಡ, ಒಳ್ಳೆಯ ಹುಡುಗ.

ಕಳೆದ ವಾರ ಇ.ಎಸ್.ಐ. ಮೆಡಿಕಲ್ ಬೋರ್ಡು ಇದು ಫ್ಯಾಕ್ಟರಿಯ ಕೆಲಸದಿಂದಲೇ ಬಂದದ್ದು ಎಂದು ಒಪ್ಪಿ ಬರೆಯಿತು. ಇನ್ನು ತಿಂಗಳು ತಿಂಗಳು ಪರಿಹಾರ ಬರುತ್ತದೆ. ಅದಕ್ಕಿಂತ ದೊಡ್ಡ ಸಮಾಧಾನ ಬೇರೆ. ನನ್ನ ಜೊತೆ ಚೀಲ ಕೊಯ್ಯುತ್ತಿದ್ದ ಬೈಂದೂರಿನ ಮಂಜುನಾಥ್ ಕೆಮ್ಮಿ ಕೆಮ್ಮಿ ಹೋದರಲ್ಲ, ಎಲ್ಲರೂ ಟಿ.ಬಿ. ಎಂದುಕೊಂಡಿದ್ದೆವು. ಅವರ ಹೆಂಡತಿ ಪಾವನಾ ಈಗ ಅವರ ಕಡತವನ್ನೂ ಕೇಳಿ ಅರ್ಜಿ ಹಾಕಿದ್ದಾರೆ. ಹಳಬರು ಒಂಬತ್ತು ಮಂದಿ ತಿರುವೊಟ್ಟಿಯೂರಿನ ದೇವಸ್ಥಾನದ ಹತ್ತಿರ ಸೇರಿದೆವು. ಎಲ್ಲರನ್ನೂ ತಪಾಸಣೆಗೆ ಕಳಿಸುವ ಜವಾಬ್ದಾರಿ ನನ್ನದು. ದಿನಕ್ಕೆ ಇಬ್ಬರಿಗೆ ಫೋನು ಮಾಡಿ ಗದರುತ್ತೇನೆ. ನಿನ್ನಮ್ಮ, ಗದರಲಿಕ್ಕೆ ಮಾತ್ರ ಎಲ್ಲಿಂದ ಉಸಿರು ಬರುತ್ತದೋ ಎನ್ನುತ್ತಾಳೆ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ವೀಕ್ಷಾಳ ಎರಡು ಕೆನ್ನೆಗೂ ಅಜ್ಜನ ಮುತ್ತು. ನೀನು ತಣ್ಣಗಿರು ಮಗಾ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಕೃಷ್ಣರಾಜ

ತಾ.ಕ.: ಅಮ್ಮ ತರಕಾರಿಗೆ ಹೋಗಿದ್ದಾಳೆ, ಬರುವುದರೊಳಗೆ ಇದನ್ನು ಬರೆದು ಲಕೋಟೆ ಅಂಟಿಸಬೇಕು. ಡಾಕ್ಟರಮ್ಮ ಹೋದ ಸಲ, ನಿಮ್ಮ ಯೂನಿಫಾರ್ಮ್ ಕೊಡವಿ ಒಗೆಯುತ್ತಿದ್ದವರು ಯಾರು ಎಂದು ಕೇಳಿದರು. ನಿನ್ನಮ್ಮನ ಎಕ್ಸ್‌ರೇ ತೆಗೆಸಿದರು, ಅದರಲ್ಲೂ ಗುರುತು ಇದೆ. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ನನಗಾದರೆ ಬೋರ್ಡಿದೆ, ಕಾನೂನಿದೆ, ಬಟ್ಟೆ ಒಗೆದವಳ ಹೆಸರಿಗೆ ಯಾವ ಆಫೀಸಿನಲ್ಲೂ ಫಾರಂ ಇಲ್ಲವಂತೆ. ಸತ್ಯಾತ್ಮ ಹುಡುಕುತ್ತಿದ್ದಾನೆ. ಇದೇ ಇಪ್ಪತ್ತನಾಲ್ಕಕ್ಕೆ ಸ್ಕ್ಯಾನ್. ಅವಳು ಧೈರ್ಯವಾಗಿಯೇ ಇದ್ದಾಳೆ, ಧೈರ್ಯ ಇಲ್ಲದಿರುವುದು ನನಗೆ. ನೀನು ಬಾ.