ಕೋಟಿನ ಒಳಜೇಬು

ಪ್ರೀತಿಯ ಪುಟ್ಟನಿಗೆ, ನಿನ್ನ ಸೋದರತ್ತೆಯ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ನಿನ್ನ ಹೊಸ ಕೋಟು ಸಿದ್ಧವಾಗಿದೆ. ಒಳ್ಳೇ ಬಟ್ಟೆ ಕಣೋ. ನಲವತ್ತು ವರ್ಷ ಕತ್ತರಿ ಹಿಡಿದ ಕೈ, ಮುಟ್ಟಿದೊಡನೆ ಬೆಲೆ ತಿಳಿಯುತ್ತದೆ. "ಹೊಟ್ಟೆ ಹತ್ರ ಬಿಗಿ ಅತ್ತೆ, ಎರಡು ಬೆರಳು ಸಡಿಲ ಮಾಡ್ಕೊಡಿ" ಎಂದು ಕೊಟ್ಟು ಓಡಿದೆಯಲ್ಲ, ಜೇಬು ನೋಡಿಕೊಳ್ಳಲೇ ಇಲ್ಲ. ಯಾರ ಬಟ್ಟೆಯೇ ಆಗಲಿ, ಜೇಬು ತಡಕದೆ ನಾನು ಮಷೀನಿಗೆ ಕೊಡುವುದಿಲ್ಲ. ಸೂಜಿ ಮುರಿದೀತು ಎಂಬ ಭಯ.

ಒಳಜೇಬಿನಲ್ಲಿ ನನ್ನ ಬ್ಯಾಂಕ್ ಕಾರ್ಡ್ ಸಿಕ್ಕಿತು. "ಎಟಿಎಂ ನುಂಗಿಬಿಡ್ತು ಅತ್ತೆ, ಹೊಸದು ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ಅಲ್ಲೀವರೆಗೂ ಖರ್ಚಿಗೆ ನಾನೇ ಕೊಡ್ತೀನಿ" ಎಂದಿದ್ದೆಯಲ್ಲ. ನೀನು ಕೊಟ್ಟ ಪುಡಿಗಾಸಿಗೆ ನಾನು ಥ್ಯಾಂಕ್ಸ್ ಬೇರೆ ಹೇಳಿದ್ದೆ! ನೆನೆದು ಒಬ್ಬಳೇ ನಕ್ಕೆ.

ಪಕ್ಕದ ಮನೆಯ ನರ್ಸಮ್ಮನ ಜೊತೆ ಬ್ಯಾಂಕಿಗೆ ಹೋಗಿ ಬಂದೆ. ಕಾರ್ಡಿನ ಗುಟ್ಟಿನ ನಂಬರ್ ಬದಲಾಯಿಸಿದ್ದೇನೆ. ನೀನು ತೆಗೆದದ್ದೆಷ್ಟು ಎಂಬುದೂ ತಿಳಿಯಿತು. ಮ್ಯಾನೇಜರ್ "ಪೊಲೀಸರಿಗೆ ದೂರು ಕೊಡಿ" ಅಂದರು. "ಅಣ್ಣನ ಮಗ, ಭಾನುವಾರದವರೆಗೆ ನೋಡ್ತೀನಿ" ಅಂದೆ. ಅಷ್ಟರಲ್ಲಿ ತೆಗೆದ ಹಣದ ಮೊದಲ ಕಂತನ್ನೂ ನಿನ್ನ ಹತ್ತಿರವಿರುವ ನನ್ನ ಮನೆಯ ಬೀಗದ ಕೈಯನ್ನೂ ತಂದು ಕೊಡು. ಊಟ ಮಾಡಿಕೊಂಡೇ ಹೋಗು.

ಕೋಟನ್ನು ಮಾತ್ರ ನೀನು ಹೇಳಿದಂತೆ ಮಾಡಿಲ್ಲ. ಸಡಿಲ ಮಾಡುವ ಬದಲು ಎರಡು ಬೆರಳು ಬಿಗಿ ಮಾಡಿದ್ದೇನೆ. ಇನ್ನು ಮೇಲೆ ನೀನು ಉಣ್ಣುವುದು ಸ್ವಂತ ಸಂಪಾದನೆಯಲ್ಲಿ. ಈ ಅಳತೆಯೇ ಸರಿಹೋಗುತ್ತದೆ.

ಇಂತಿ,
ನಿನ್ನ ಅತ್ತೆ